ಬಯಲ ಸಂಗೀತಕ್ಕೆ ಪರವಾನಗಿ

ನಿಲಕ್ಕೋಟ್ಟೈಯೆಂದೊಡನೆ ಹೊರಗಿನವರಿಗೆ ನೆನಪಾಗುವುದು ಅಲ್ಲಿಯ ಹೂವಿನ ಸಂತೆ. ಆದರೆ ಈ ಸೀಮೆಯಲ್ಲಿಯೂ ಪಶ್ಚಿಮದ ಕಂಬಂ ಕಣಿವೆಯಲ್ಲಿಯೂ ತಲೆಮಾರುಗಳಿಂದ ನೆಲೆಸಿರುವ ಅನುಪ್ಪರು, ಕಪ್ಪಿಲಿಯರು ಮೊದಲಾದ ಕನ್ನಡ ಮೂಲದ ಒಕ್ಕಲಿಗರಿಗೆ ಊರಹಬ್ಬದ ರಾತ್ರಿಗಳೂ ಅಷ್ಟೇ ಪರಿಚಿತವಾದುವು. ಹಗಲು ದೇವರ ಉತ್ಸವ. ಇರುಳು ನಾಟಕ, ಪಾಟುಕಚೇರಿ, ಇಲ್ಲವೆ ‘ಆಡಲ್ ಪಾಡಲ್’ ಎಂಬ ಹಾಡು ಕುಣಿತಗಳ ಮೇಳ. ಇವಕ್ಕೆಲ್ಲ ಪೊಲೀಸರ ಅನುಮತಿ ಬೇಕೆಂಬುದು ಹಬ್ಬ ನಡೆಸುವವರಿಗೆ ತಿಳಿದ ಸಂಗತಿ. ಆ ಅನುಮತಿಯ ಕಾಗದವು ಯಾವುದನ್ನು ಕಾಯುವುದಕ್ಕಾಗಿ ಹುಟ್ಟಿತು? ರಂಗದ ಮೇಲೆ ಹಾಡುವವನ ಬಾಯನ್ನೋ, ರಂಗದ ಮುಂದೆ ನಿಂತವನ ಪ್ರಾಣವನ್ನೋ? ಚರಿತ್ರೆಯನ್ನು ಕೆದಕಿದರೆ ದೊರೆಯುವ ಉತ್ತರವು ಅಷ್ಟು ಸಂತೋಷದಾಯಕವಾದುದಲ್ಲ.

1876ನೆಯ ಇಸವಿಯ ಆದಿಯಲ್ಲಿ ಕಲ್ಕತ್ತೆಯ ಗ್ರೇಟ್ ನ್ಯಾಷನಲ್ ಥಿಯೇಟರಿನಲ್ಲಿ ಒಂದು ಪ್ರಹಸನವು ನಡೆಯಿತು. ಇಂಗ್ಲೆಂಡಿನ ಯುವರಾಜನನ್ನು ತನ್ನ ಮನೆಯ ಅಂತಃಪುರಕ್ಕೆ ಬರಮಾಡಿಕೊಂಡ ವಕೀಲನೊಬ್ಬನನ್ನು ಅದು ಗೇಲಿಮಾಡಿದ್ದಿತು. ವೈಸರಾಯ್ ನಾರ್ತ್‌ಬ್ರೂಕನು ಫೆಬ್ರವರಿ ತಿಂಗಳಲ್ಲಿಯೇ ಸುಗ್ರೀವಾಜ್ಞೆಯನ್ನು ಹೊರಡಿಸಿದನು. ವರ್ಷ ಮುಗಿಯುವುದರೊಳಗಾಗಿ ಅದು ನಾಟಕ ಪ್ರದರ್ಶನಗಳ ಕಾಯಿದೆಯಾಯಿತು. ಮಾನಹಾನಿ, ರಾಜದ್ರೋಹ, ಅಶ್ಲೀಲ: ಇವೇ ಅದರ ಚಿಂತೆ. ಪ್ರೇಕ್ಷಕರು ಹೊರಬರುವ ಬಾಗಿಲು ಎಷ್ಟು ಅಗಲವಿರಬೇಕೆಂಬ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ.

ಹನ್ನೆರಡು ವರ್ಷಗಳಾದ ಮೇಲೆ, 1888ರಲ್ಲಿ, ಮದರಾಸು ಸರಕಾರವು ಬೇರೊಂದು ಬಗೆಯ ಶಾಸನವನ್ನು ಮಾಡಿತು. ಅದು ಸಾರ್ವಜನಿಕ ವಿನೋದ ಸ್ಥಳಗಳ ಕಾಯಿದೆ; ಮದರಾಸು ನಗರದ ಹೊರಗಿನ ಊರುಗಳಿಗೆ ಅನ್ವಯಿಸತಕ್ಕುದು. ನಿಲಕ್ಕೋಟ್ಟೈ ಆಗ ಮಧುರೆ ಜಿಲ್ಲೆಗೆ ಸೇರಿದ್ದಿತಾದುದರಿಂದ ಅದರ ವ್ಯಾಪ್ತಿಗೆ ಒಳಪಟ್ಟಿತು. ಹಿಂದಿನ ವರ್ಷ ತಾನೆ ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದ ರಂಗಮಂದಿರವು ಬೆಂದು 180ಕ್ಕೂ ಮಿಕ್ಕು ಜನರು ಮಡಿದಿದ್ದರು. ಅದಕ್ಕೂ ಇದಕ್ಕೂ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಆದರೆ ಕಾಲದ ಗಾಳಿ ಆ ಕಡೆಗೆ ಬೀಸುತ್ತಿದ್ದಿತು. 500 ಚದರ ಅಡಿಗೆ ಕಡಿಮೆಯಿಲ್ಲದ ಆವೃತ ಸ್ಥಳವನ್ನಾಗಲಿ ಕಟ್ಟಡವನ್ನಾಗಲಿ ವಿನೋದಕ್ಕೆ ಬಳಸಬೇಕಾದರೆ ಲೈಸೆನ್ಸು ಬೇಕು. ಆ ಸ್ಥಳವು ಅಪಾಯವಿಲ್ಲದೆ ಬಳಸತಕ್ಕುದೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಇದು ನಿಜವಾಗಿಯೂ ಪ್ರೇಕ್ಷಕನನ್ನು ಕುರಿತ ಶಾಸನ. ಆದರೆ ‘ಆವೃತ’ವೆಂಬ ಆ ಒಂದು ಪದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಗೋಡೆ, ಬೇಲಿ, ತಡಿಕೆಗಳುಳ್ಳದ್ದು ಲೆಕ್ಕಕ್ಕೆ ಬಂದಿತು. ಹೊಳೆಯ ಮರಳು, ಗುಡಿಯ ಮುಂದಿನ ಬಯಲು ಬರಲಿಲ್ಲ.

ಎರಡು ಶಾಸನಗಳಲ್ಲಿ ಅಧಿಕಾರಿಗಳಿಗೆ ಪ್ರಿಯವಾದುದು ಮೊದಲನೆಯದರ ದೃಷ್ಟಿಯೇ. ಶಂಕರದಾಸ ಸ್ವಾಮಿಗಳು 1918ರಲ್ಲಿ ಬಾಲಕರ ನಾಟಕಸಭೆಯನ್ನು ಸ್ಥಾಪಿಸಿದ ಮಧುರೆಯು ತಮಿಳು ರಂಗಭೂಮಿಯ ತವರಾಗಿದ್ದಿತು. ಅದೇ ಸೀಮೆಯ ತಿರುಮಂಗಲದಲ್ಲಿ ನೆಲೆಸಿದ್ದ ನಟ ವಿಶ್ವನಾಥದಾಸರು ಪುರಾಣದ ವೇಷದಲ್ಲಿಯೇ ದೇಶಭಕ್ತಿಯ ಹಾಡುಗಳನ್ನು ಹಾಡಿ ಹಲವು ಸಲ ಸೆರೆಯಾದರು. 1940ರ ಡಿಸೆಂಬರ್ 31ರ ರಾತ್ರಿ ಮದರಾಸಿನಲ್ಲಿ ಮುರುಗನ ವೇಷದಲ್ಲಿದ್ದಾಗ ರಂಗದ ಮೇಲೆಯೇ ಪ್ರಾಣಬಿಟ್ಟರು. ಅವರ ಹಾಡನ್ನು ಕೇಳಿ ಬರೆದುಕೊಳ್ಳುವುದಕ್ಕೆ ಪೊಲೀಸರಿದ್ದರು. ಕೇಳಲು ನೆರೆದವರನ್ನು ಎಣಿಸುವುದು ಯಾರ ಕೆಲಸವೂ ಆಗಿರಲಿಲ್ಲ. ಸ್ವಾತಂತ್ರ್ಯ ಬಂದಮೇಲೂ ಈ ಚಾಳಿ ಬಿಡಲಿಲ್ಲವೆಂಬುದಕ್ಕೆ ಮದರಾಸಿನ 1954ರ ನಾಟಕ ಕಾಯಿದೆಯೇ ಸಾಕ್ಷಿ. ಅದನ್ನು ಹೈಕೋರ್ಟು ಅಸಿಂಧುವೆಂದು ಸಾರಿದ್ದು 2013ರಲ್ಲಿ; 1876ರ ಮೂಲ ಕಾಯಿದೆಯು ರದ್ದಾದದ್ದು 2018ರಲ್ಲಿ.

ಪ್ರಾಣರಕ್ಷಣೆಯ ಪಾಠವನ್ನು ನಮಗೆ ಕಲಿಸಿದ್ದು ಸಿನಿಮಾ, ಅದೂ ಬೆಂಕಿಯ ಮೂಲಕ. ಹಳೆಯ ಫಿಲ್ಮು ಬಲು ಬೇಗ ಹತ್ತಿಕೊಳ್ಳುತ್ತಿದ್ದುದರಿಂದ 1918ರ ಸಿನಿಮಾಟೋಗ್ರಾಫ್ ಕಾಯಿದೆಯು ಚಿತ್ರಮಂದಿರಕ್ಕೆ ಲೈಸೆನ್ಸನ್ನು ವಿಧಿಸಿತು. ನಿಯಮವಿದ್ದರೂ ಅನಾಹುತಗಳು ತಪ್ಪಲಿಲ್ಲ. 1979ರಲ್ಲಿ ತೂತ್ತುಕುಡಿಯ ಲಕ್ಷ್ಮಿ ಟಾಕೀಸು ಉರಿದು ಬಹುಮಂದಿ ಹೆಂಗಸರು ಮಕ್ಕಳು ಸತ್ತರು. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿಕೊಂಡು 92 ಜನರು ಮೃತರಾದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಹೀಗೆ ಬೆಂಕಿಯ ಭಯವು ಶಾಸನದಲ್ಲಿ ಬೇರೂರಿತು. ಬರಿಯ ಜನಸಂದಣಿಯೇ ಬೆಂಕಿಯಷ್ಟು ಕ್ರೂರವಾಗಬಲ್ಲದೆಂಬುದು ಮಾತ್ರ ಬಹುಕಾಲ ಯಾರಿಗೂ ನಾಟಲಿಲ್ಲ.

ಅಮೆರಿಕದ ಸಿನ್ಸಿನಾಟಿಯಲ್ಲಿ 1979ರ ಡಿಸೆಂಬರ್ 3ರಂದು ‘ದಿ ಹೂ’ ಎಂಬ ತಂಡದ ಸಂಗೀತವಿದ್ದಿತು. ಟಿಕೆಟ್ಟುಗಳಿಗೆ ಆಸನಸಂಖ್ಯೆಯಿಲ್ಲ, ಮೊದಲು ಹೊಕ್ಕವರಿಗೆ ಮುಂದಿನ ಸ್ಥಳ. ತೆರೆದ ಬಾಗಿಲುಗಳು ಕೆಲವೇ. ಒಳಗೆ ವಾದ್ಯಗಳನ್ನು ಪರೀಕ್ಷಿಸುವ ಸದ್ದು ಕೇಳಿ ಕಚೇರಿ ಮೊದಲಾಯಿತೆಂದು ಹೊರಗಿದ್ದವರು ಒತ್ತಿದರು. 11 ಜನರು ಸತ್ತರು. ಇಂಥಲ್ಲಿ ಜನರು ತುಳಿತದಿಂದ ಸಾಯುತ್ತಾರೆಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಅನೇಕರು ನಿಂತಲ್ಲಿಯೇ, ಎದೆ ಹಿಗ್ಗಲು ಎಡೆಯಿಲ್ಲದೆ, ಉಸಿರುಕಟ್ಟಿ ಸಾಯುವರು. ಒಂದು ಚದರ ಮೀಟರಿನಲ್ಲಿ ಆರೇಳು ಮಂದಿ ಸೇರಿದರೆ ಗುಂಪು ನೀರಿನಂತೆ ಅಲೆಯಾಗಿ ಹೊಯ್ದಾಡುವುದು; ಹಿಂದಿನವನಿಗೆ ಮುಂದಿನವನ ಅವಸ್ಥೆ ತಿಳಿಯದು. ಆದಕಾರಣ ‘ಜನರ ಅವಿವೇಕ’ವೆಂದು ದೂಷಿಸುವುದು ಸುಲಭವಾದರೂ ನ್ಯಾಯವಲ್ಲ.

ನಮ್ಮ ನೆರೆಯಲ್ಲಿಯೂ ಇದೇ ಕಥೆ. 2022ರ ಏಪ್ರಿಲಿನಲ್ಲಿ ಮಧುರೆಯ ಚಿತ್ತಿರೈ ಉತ್ಸವದಂದು ಅಳಗರು ವೈಗೈ ಹೊಳೆಗಿಳಿಯುವ ಹೊತ್ತಿನ ಸಂದಣಿಯಲ್ಲಿ ಇಬ್ಬರು ತೀರಿಕೊಂಡರು. 2023ರ ಸೆಪ್ಟೆಂಬರಿನಲ್ಲಿ ಚೆನ್ನೈ ಸಮೀಪದ ಎ. ಆರ್. ರೆಹಮಾನರ ಕಚೇರಿಗೆ ಟಿಕೆಟ್ಟು ಕೊಂಡವರೇ ಒಳಹೋಗಲಾರದಷ್ಟು ಜನ ಸೇರಿದರು. ಅದೃಷ್ಟವಶಾತ್ ಪ್ರಾಣಹಾನಿಯಾಗಲಿಲ್ಲ. ಅದೇ ನವೆಂಬರಿನಲ್ಲಿ ಕೊಚ್ಚಿಯ ವಿಶ್ವವಿದ್ಯಾಲಯವೊಂದರ ಬಯಲು ರಂಗಮಂದಿರದಲ್ಲಿ ಹಾಡಿನ ಕಾರ್ಯಕ್ರಮಕ್ಕೆ ನೂಕುನುಗ್ಗಲಾಗಿ, ಪ್ರವೇಶದ ಕಡಿದಾದ ಮೆಟ್ಟಿಲುಗಳಲ್ಲಿ ನಾಲ್ವರು ಮಡಿದರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ 11 ಮಂದಿ, ಸೆಪ್ಟೆಂಬರ್ 27ರಂದು ಕರೂರಿನ ರಾಜಕೀಯ ಸಭೆಯಲ್ಲಿ 41 ಮಂದಿ ಅಳಿದರು. ಕೊನೆಯೆರಡು ಸಂಗೀತಸಭೆಗಳಲ್ಲವಾದರೂ ಸಾವಿನ ರೀತಿ ಒಂದೇ.

ಇಷ್ಟಾದರೂ ಅನುಮತಿಯ ಕಾಗದದಲ್ಲಿ ಹಳೆಯ ಚಿಂತೆಯೇ ಎದ್ದು ಕಾಣುವುದು. ಆಡಲ್ ಪಾಡಲ್ ಮೇಳಗಳಿಗೆ ಪೊಲೀಸರು ಅನುಮತಿ ಕೊಡಲಿಲ್ಲವೆಂದು ಹೈಕೋರ್ಟಿನ ಮಧುರೆ ಪೀಠಕ್ಕೆ ಅನೇಕ ಅರ್ಜಿಗಳು ಹೋಗಿರುವುವು. ನ್ಯಾಯಾಲಯವು ವಿಧಿಸುತ್ತ ಬಂದಿರುವ ಷರತ್ತುಗಳಲ್ಲಿ ಪ್ರಮುಖವಾದುವು ಇವು: ಅಶ್ಲೀಲ ನೃತ್ಯ ಕೂಡದು, ದ್ವಂದ್ವಾರ್ಥದ ಹಾಡು ಕೂಡದು, ಜಾತಿಯನ್ನಾಗಲಿ ಪಕ್ಷವನ್ನಾಗಲಿ ಹೊಗಳಕೂಡದು, ಗೊತ್ತಾದ ವೇಳೆಗೆ ಮುಗಿಸತಕ್ಕುದು. ಊರಿನ ಶಾಂತಿಗೆ ಇವು ಬೇಕಾದುವೇ. ಹಾಡಿನಿಂದ ಕಲಹವೆದ್ದ ಹಳ್ಳಿಗಳಿಲ್ಲದೆ ಇಲ್ಲ. ಆದರೆ ಬಯಲಿನಲ್ಲಿ ಎಷ್ಟು ಮಂದಿ ನಿಲ್ಲಬಹುದು, ಎಷ್ಟು ಕಡೆ ದಾರಿಯಿರಬೇಕು ಎಂಬ ಲೆಕ್ಕಕ್ಕೂ ಅಷ್ಟೇ ಗೌರವ ಸಲ್ಲಬೇಡವೆ?

ಆ ಲೆಕ್ಕವೋ ಎಂಟನೆಯ ತರಗತಿಯ ಹುಡುಗನಿಗೂ ಸಾಧ್ಯವಾದುದು. 40 ಮೀಟರ್ ಉದ್ದ, 30 ಮೀಟರ್ ಅಗಲದ ಶಾಲೆಯ ಬಯಲಿನಲ್ಲಿ ಚದರ ಮೀಟರಿಗೆ ಇಬ್ಬರಂತೆ 2,400 ಮಂದಿ ಸುಖವಾಗಿ ನಿಲ್ಲುವರು. ಸಮನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ ಸುಮಾರು 80 ಮಂದಿ ಹಾಯಬಹುದೆಂದು ಇಂಗ್ಲೆಂಡಿನ ಕ್ರೀಡಾಂಗಣಗಳ ಕೈಪಿಡಿಯು ಎಣಿಸುತ್ತದೆ. ಮೂರು ಮೀಟರಿನ ಗೇಟು ಪೂರ್ತಿ ತೆರೆದಿದ್ದರೆ ಅಷ್ಟೂ ಮಂದಿ ಹೊರಬರಲು ಹತ್ತು ನಿಮಿಷ ಸಾಕು. ಟಿಕೆಟ್ಟಿಲ್ಲದವರು ನುಸುಳಿಯಾರೆಂದು ಒಂದು ಕದವನ್ನು ಮುಚ್ಚಿದರೆ ಇಪ್ಪತ್ತು ನಿಮಿಷ. ಆಗ ಮಳೆ ಬಂದಿತೆಂದರೆ ಯಾರೂ ಇಪ್ಪತ್ತು ನಿಮಿಷ ಕಾಯುವುದಿಲ್ಲ.

ಬೆಂಗಳೂರಿನ ದುರಂತದ ತರುವಾಯ ಕರ್ನಾಟಕದ ವಿಧಾನಸಭೆಯಲ್ಲಿ 2025ರ ಆಗಸ್ಟಿನಲ್ಲಿ ಜನಸಂದಣಿ ನಿಯಂತ್ರಣದ ಮಸೂದೆಯೊಂದು ಮಂಡಿತವಾಯಿತು. ಅನುಮತಿ ಕೊಡುವ ಅಧಿಕಾರಿ ಯಾರೆಂಬುದನ್ನು ಸೇರುವ ಜನರ ಸಂಖ್ಯೆಯ ಮೇಲೆ ಗೊತ್ತುಮಾಡುವುದು ಅದರ ಒಂದು ಅಂಶ. 1888ರ ಶಾಸನವು ಸ್ಥಳದ ಚದರ ಅಡಿಗಳನ್ನು ಅಳೆದಿದ್ದಿತು. ಈ ಮಸೂದೆಯು ತಲೆಗಳನ್ನು ಎಣಿಸಹೊರಟಿತು.