ಹೊಗೆಗೂಡಿನ ಬಾಯಿ: ಕಲ್ಲಿದ್ದಲಿನಿಂದ ಗ್ಯಾಸಿನವರೆಗೆ

ಇಂಗ್ಲೆಂಡಿನ ಮನೆಗಳಲ್ಲಿ ಬೆಂಕಿಯ ಇತಿಹಾಸವೆಂದರೆ ಬಹುಮಟ್ಟಿಗೆ ಹೊಗೆಯನ್ನು ಹೊರದಾಟಿಸುವ ಪ್ರಯತ್ನದ ಇತಿಹಾಸ. ಮಧ್ಯಯುಗದ ಹಜಾರದ ನಟ್ಟನಡುವೆ ಉರಿಯುತ್ತಿದ್ದ ಬೆಂಕಿಯ ಹೊಗೆಯು ಮಾಡಿನ ಕಿಂಡಿಯನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. 16ನೆಯ ಶತಮಾನದಲ್ಲಿ ಆ ಬೆಂಕಿ ಗೋಡೆಯ ಬದಿಗೆ ಸರಿದು, ಇಟ್ಟಿಗೆಯ ಹೊಗೆಗೂಡು ಸಾಮಾನ್ಯರ ಮನೆಗೂ ಬಂದಿತು. ಹಳ್ಳಿಯ ವೃದ್ಧರು ತಮ್ಮ ಜೀವಮಾನದಲ್ಲಿ ಕಂಡ ದೊಡ್ಡ ಬದಲಾವಣೆಗಳಲ್ಲಿ ಇದನ್ನೂ ಎಣಿಸುತ್ತಿದ್ದರೆಂದು ವಿಲಿಯಂ ಹ್ಯಾರಿಸನ್ 1577ರಲ್ಲಿ ಬರೆದಿದ್ದಾನೆ. ಮುಂದಿನ ಶತಮಾನದಲ್ಲಿ, 1662ರಿಂದ 1689ರವರೆಗೆ, ಸರ್ಕಾರವು ಒಂದೊಂದು ಒಲೆಗೂ ವರ್ಷಕ್ಕೆ ಎರಡು ಷಿಲಿಂಗ್ ತೆರಿಗೆ ಎತ್ತಿತು.

ಈ ಹೊಗೆಗೂಡುಗಳ ಒಳಮೈಗೆ ಸುಣ್ಣದ ಗಾರೆಯಲ್ಲಿ ಸಗಣಿಯನ್ನು ಬೆರೆಸಿ ಗಿಲಾವು ಮಾಡುವುದು ರೂಢಿಯಾಗಿತ್ತು. ಸಗಣಿ ಸಾರಿಸಿದ ನೆಲವನ್ನು ಬಲ್ಲ ಕನ್ನಡಿಗರಿಗೆ ಇದರ ಜಾಣ್ಮೆಯನ್ನು ವಿವರಿಸಬೇಕಾಗಿಲ್ಲ. ಆದರೆ ಗೂಡಿನ ಬಾಯಿ ಅತಿ ಅಗಲವಾಗಿದ್ದುದರಿಂದ ಕೋಣೆಯ ಶಾಖವೂ ಹೊಗೆಯೊಂದಿಗೆ ಮೇಲೇರಿಹೋಗುತ್ತಿತ್ತು. ಕೌಂಟ್ ರಂಫರ್ಡ್ ಎಂದು ಹೆಸರಾದ ಬೆಂಜಮಿನ್ ಥಾಂಪ್ಸನ್ 1790ರ ದಶಕದಲ್ಲಿ ಗೂಡಿನ ಕಂಠವನ್ನು, ಅಂದರೆ ಬೆಂಕಿಯ ಮೇಲಿನ ಇಕ್ಕಟ್ಟಾದ ದಾರಿಯನ್ನು, ಸುಮಾರು ನಾಲ್ಕು ಅಂಗುಲಕ್ಕೆ ಕಿರಿದುಗೊಳಿಸಿ, ಪಕ್ಕದ ಗೋಡೆಗಳನ್ನು ಓರೆಯಾಗಿ ಕಟ್ಟಿಸಿ, ಶಾಖವನ್ನು ಕೋಣೆಯತ್ತ ತಿರುಗಿಸಿದನು. ಹಳೆಯ ಅಗ್ಗಿಷ್ಟಿಕೆಯನ್ನು ಕೆಡವದೆ, ಅದರ ಬಾಯಿಯನ್ನಷ್ಟೇ ತಿದ್ದಿ ಹೊಸ ಬೆಂಕಿಗೆ ಸಜ್ಜುಗೊಳಿಸುವ ಕಸುಬಿಗೆ ಅಲ್ಲಿಂದಲೇ ಒಂದು ಶಾಸ್ತ್ರ ಹುಟ್ಟಿತೆನ್ನಬಹುದು.

ಗ್ಯಾಸಿನ ಬೆಂಕಿ ಇದೇ ಗೂಡಿಗೆ ಬಂದು ಸೇರಿತು. ಗಾಳಿಯನ್ನು ಮೊದಲೇ ಬೆರೆಸಿಕೊಂಡು ಮಸಿಯಿಲ್ಲದೆ ಉರಿಯುವ ಬುನ್ಸನ್ ಬರ್ನರ್ 1850ರ ದಶಕದಲ್ಲಿ ಬಂದುದೇ ಇದಕ್ಕೆ ದಾರಿಯಾಯಿತು. ಆ ನೀಲಿ ಜ್ವಾಲೆ ಎದುರಿಗೆ ಸೂಸುವ ಕಾವು ಕಡಿಮೆಯಾದ್ದರಿಂದ, ಅದರ ಮೇಲೆ ಕಲ್ನಾರನ್ನೋ ಸುಟ್ಟ ಜೇಡಿಯ ಅಚ್ಚುಗಳನ್ನೋ ಇಟ್ಟು ಕೆಂಪಗೆ ಕಾಯಿಸಲಾಯಿತು. ಆದರೂ ಜನ ಕಲ್ಲಿದ್ದಲನ್ನು ಬಿಡಲಿಲ್ಲ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನನ್ನು ಕವಿದ ಹೊಗೆಮಂಜಿನಿಂದ ಆಗಿನ ಅಂದಾಜಿನಂತೆಯೇ ಸುಮಾರು 4,000 ಮಂದಿ ಸತ್ತ ಮೇಲೆ, 1956ರ ಶುದ್ಧ ಗಾಳಿ ಕಾಯಿದೆ ಬಂದಿತು. ಹೊಗೆ ನಿಯಂತ್ರಣ ಪ್ರದೇಶಗಳಲ್ಲಿ ಹಳೆಯ ಮನೆಗಳ ಅಗ್ಗಿಷ್ಟಿಕೆಯನ್ನು ಮಾರ್ಪಡಿಸುವ ನ್ಯಾಯವಾದ ವೆಚ್ಚದ ಹತ್ತರಲ್ಲಿ ಏಳು ಪಾಲನ್ನು ಸ್ಥಳೀಯ ಆಡಳಿತವೇ ಹಿಂದಿರುಗಿಸಬೇಕೆಂದು ಅದು ವಿಧಿಸಿತು. ಒಬ್ಬರ ಮನೆಯ ಒಲೆ ಊರಿನವರೆಲ್ಲರ ಉಸಿರಿಗೆ ಸೇರಿದ್ದೆಂದು ಇಷ್ಟು ನೇರವಾಗಿ ಒಪ್ಪಿಕೊಂಡ ಕಾಯಿದೆಗಳು ವಿರಳ. 1967ರಿಂದ ಹತ್ತು ವರ್ಷಗಳಲ್ಲಿ ಉತ್ತರ ಸಮುದ್ರದ ನೈಸರ್ಗಿಕ ಅನಿಲವು ಮನೆಮನೆಗೆ ಹರಿದು, ಕಲ್ಲಿದ್ದಲಿನಿಂದ ತೆಗೆಯುತ್ತಿದ್ದ ಗ್ಯಾಸಿನ ಕಾಲವೂ ಮುಗಿಯಿತು.

ಗ್ಯಾಸಿಗೆ ಮಸಿಯಿಲ್ಲವೆಂದ ಮಾತ್ರಕ್ಕೆ ಹಳೆಯ ಗೂಡು ತಾನಾಗಿ ಅದಕ್ಕೆ ಒಗ್ಗುವುದಿಲ್ಲ. ಅಪಾಯ ಇರುವುದೂ ಇಲ್ಲಿಯೇ. ಕಲ್ಲಿದ್ದಲಿನ ಹೊಗೆ ಕೋಣೆಗೆ ಮರಳಿದರೆ ಕಣ್ಣುರಿಸಿ ಎಚ್ಚರಿಸುತ್ತಿತ್ತು, ಆದರೆ ಗ್ಯಾಸು ಸರಿಯಾಗಿ ಉರಿಯದಿದ್ದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದುದರಿಂದ ಕೆಲಸಗಾರನು ಮೊದಲು ಗೂಡನ್ನು ಗುಡಿಸಿ, ಒಡೆದ ಬೆಂಕಿಜೇಡಿಯ ಹಿಂಬದಿಯನ್ನೂ ಅದರ ಹಿಂದೆ ತುಂಬಿದ್ದ ಕಲ್ಲುಚೂರುಗಳನ್ನೂ ತೆಗೆದು, ಬಾಯಿಯ ಮೇಲಿನ ತೊಲೆ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸುತ್ತಾನೆ. ಗ್ಯಾಸು ಉರಿದಾಗ ಹುಟ್ಟುವ ಆವಿ ತಣ್ಣನೆಯ ಗೂಡಿನಲ್ಲಿ ನೀರಾಗಿ ಇಳಿದು ಹಳೆಯ ಸುಣ್ಣದ ಗಿಲಾವನ್ನು ನೆನೆಸುವ ಸಂಭವವಿದ್ದರೆ, ಬಳುಕುವ ಉಕ್ಕಿನ ಕೊಳವೆಯನ್ನು ಮೇಲಿನಿಂದ ಇಳಿಬಿಡಲಾಗುತ್ತದೆ. ಬಳಿಕ ಬಾಯಿಯನ್ನು ಲೋಹದ ತಗಡಿನಿಂದ ಮುಚ್ಚಿ, ಅಂಚುಗಳಿಗೆ ಶಾಖ ತಡೆಯುವ ಪಟ್ಟಿ ಅಂಟಿಸುತ್ತಾರೆ. ಗಾರೆ ಹಾಕದಿರುವುದಕ್ಕೆ ಕಾರಣ, ಸೇವೆಯ ವೇಳೆ ತಗಡನ್ನು ಕಳಚಿ ಒಳಗೆ ನೋಡಬೇಕಾಗುತ್ತದೆ. ಹೊಗೆ ಹೋಗುವ ನಳಿಗೆಯ ಕೆಳಗೆ ಸಾಮಾನ್ಯವಾಗಿ 250 ಮಿಲಿಮೀಟರ್ ಆಳದ ಖಾಲಿ ಜಾಗ ಬಿಡುವುದೂ ನಿಯಮ: ದಶಕಗಳ ಹಿಂದಿನ ಮಸಿ, ಉದುರಿದ ಗಾರೆ, ಹಕ್ಕಿಗೂಡಿನ ಕಡ್ಡಿ ಅಲ್ಲಿ ಬಿದ್ದು ನಳಿಗೆಯ ಬಾಯಿ ಕಟ್ಟದಿರಲಿ ಎಂಬುದೇ ಅದರ ಉದ್ದೇಶ.

ತಗಡನ್ನು ಮುಚ್ಚುವ ಮುಂಚೆಯೇ ಗೂಡಿನ ಬುಡದಲ್ಲಿ ಹೊಗೆಗುಳಿಗೆಯೊಂದನ್ನು ಹಚ್ಚಿ, ಹೊರಗೆ ನಿಂತು ಮಾಡಿನತ್ತ ನೋಡುವ ಪರೀಕ್ಷೆ ನಡೆದಿರುತ್ತದೆ. ಸಾಲುಮನೆಗಳಲ್ಲಿ ಹಲವು ಗೂಡುಗಳು ಒಂದೇ ಕಟ್ಟಡದೊಳಗೆ ಅಕ್ಕಪಕ್ಕ ಏರಿರುವುದರಿಂದ, ಹೊಗೆಯು ಆ ಗೂಡಿನ ತುದಿಯ ಕುಡಿಕೆಯೊಂದರಿಂದಲೇ ಹೊರಬರಬೇಕು, ನೆರೆಮನೆಯ ಮಲಗುವ ಕೋಣೆಗೆ ಇಣುಕಬಾರದು.