ಕೊಲ್ಲಿ ಕಾರವಾರದ್ದು, ಹಾದಿ ಮಿರಜದ್ದು

ಮ್ಹೈಸಾಳದ ದಂಡೆಯಲ್ಲಿ ನಿಂತವರಿಗೆ ಕೃಷ್ಣೆ ಅರಬ್ಬಿ ಸಮುದ್ರಕ್ಕೆ ಬೆನ್ನುಮಾಡಿ ಹರಿಯುವುದು ಕಾಣುತ್ತದೆ. ಅವಳೊಡನೆ ಮಹಾಬಳೇಶ್ವರದಲ್ಲಿಯೇ ಹುಟ್ಟಿದ ಸಾವಿತ್ರಿಯಾದರೋ ಪಶ್ಚಿಮಕ್ಕಿಳಿದು ಬಾಣಕೋಟದ ಖಾಡಿಯಲ್ಲಿ ಕಡಲನ್ನು ಕೂಡುತ್ತಾಳೆ. ಮರಾಠಿಯ ಖಾಡಿಗೆ ಕನ್ನಡ ಕರಾವಳಿಯವರು ಅಳಿವೆ ಎನ್ನುತ್ತಾರೆ. ತೀರವೇ ಅಗಲವಾಗಿ ಒಳಬಾಗಿದ್ದರೆ ಅದು ಕೊಲ್ಲಿ.

ಕೊನೆಯ ಹಿಮಯುಗದಲ್ಲಿ ಕಡಲಿನ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಅಂದಿನ ದೂರದ ತೀರದವರೆಗೆ ನದಿಗಳು ಕಣಿವೆ ಕೊರೆದಿದ್ದವು. ಹಿಮ ಕರಗಿ ಕಡಲು ಏರಿದಾಗ ಉಪ್ಪುನೀರು ಆ ಕಣಿವೆಗಳಿಗೆ ನುಗ್ಗಿತು. ಗಟ್ಟಿಗಲ್ಲಿನ ಗುಡ್ಡಗಳು ಭೂಶಿರಗಳಾಗಿ, ದ್ವೀಪಗಳಾಗಿ ಉಳಿದವು. ಕಾಳಿ ನದಿಯ ಮುಖದಲ್ಲಿರುವ ಕಾರವಾರದ ಕೊಲ್ಲಿಯಲ್ಲಿ ಇದೆಲ್ಲವನ್ನೂ ಒಂದೇ ನೋಟಕ್ಕೆ ಕಾಣಬಹುದು. ದಕ್ಷಿಣದ ಬೈತಖೋಲ ಗುಡ್ಡವು ಮುಂಗಾರಿನ ನೈಋತ್ಯದ ಅಲೆಗಳಿಗೆ ಅಡ್ಡಲಾಗಿ ನಿಂತಿದೆ. ತೆರೆಗಳು ಅದನ್ನು ಬಳಸಿ ಬಾಗಿ, ಹರಡಿ, ಬಲಗುಂದಿ ಒಳಬರುತ್ತವೆ. ಮಳೆಗಾಲದಲ್ಲಿ ಬಹುತೇಕ ಬಂದರುಗಳು ಮುಚ್ಚುತ್ತಿದ್ದಾಗಲೂ ಇಲ್ಲಿ ಹಡಗುಗಳಿಗೆ ಆಸರೆಯಿತ್ತು.

ಆದಿಲಶಾಹಿ ಆಳ್ವಿಕೆಯಲ್ಲಿ ಮಿರಜವೂ ಕಾರವಾರವೂ ಬಿಜಾಪುರದ ದರ್ಬಾರಿಗೇ ಸೇರಿದ್ದವು. 1638ರಲ್ಲಿ ಇಂಗ್ಲಿಷ್ ವರ್ತಕರು ಕಾರವಾರದಲ್ಲಿ ಕೋಠಿ ತೆರೆದರು. ಅವರಿಗೆ ಬೇಕಾಗಿದ್ದುದು ಘಟ್ಟದ ಕಾಳುಮೆಣಸು ಮತ್ತು ಹುಬ್ಬಳ್ಳಿ ಕಡೆಯ ಮಗ್ಗಗಳ ನವುರಾದ ಬಟ್ಟೆ. ಹಡಗಿಗೆ ಆಸರೆ ಕೊಡುವುದು ಕೊಲ್ಲಿಯಾದರೂ ಸರಕು ಕೊಡುವುದು ಒಳನಾಡು.

ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬರ ಬಂದಾಗ ಧಾರವಾಡದ ಹತ್ತಿಯನ್ನು ಸಾಗಿಸಲು ಕಾರವಾರವೇ ತಕ್ಕ ಬಂದರೆಂದು ತೋರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಘಟ್ಟದ ರಸ್ತೆಗಳಾದವು, ಹುಬ್ಬಳ್ಳಿಗೆ ರೈಲಿನ ಮಾತೂ ಎದ್ದಿತು. ರೈಲು ಮಾತ್ರ ಬರಲಿಲ್ಲ. 1888ರಲ್ಲಿ ಘಟ್ಟವಿಳಿದ ಹಳಿಗಳು ಗೋವೆಯ ಮರ್ಮಗೋವಾ ಬಂದರನ್ನು ಮುಟ್ಟಿದವು. ಅದೇ ಕಾಲದಲ್ಲಿ ಸದರ್ನ್ ಮರಾಠಾ ರೈಲು ಲೋಂಡಾ, ಬೆಳಗಾವಿ, ಮಿರಜಗಳನ್ನು ಪುಣೆಯೊಡನೆ ಬೆಸೆಯಿತು. ಸರಕು ಹಳಿಯ ಹಿಂದೆ ಹೋಯಿತು. ಮಿರಜ ಜಂಕ್ಷನ್ನಿನ ಏಳಿಗೆಯಲ್ಲಿ ಕಾರವಾರದ ನಷ್ಟದ್ದೂ ಒಂದು ಪಾಲಿದೆಯೆಂದೇ ನನ್ನ ಎಣಿಕೆ. ನಮ್ಮ ಊರಿನ ಹಿರಿಮೆ ಹೇಳುವಾಗ ಇದನ್ನು ನಾವು ನೆನೆಯುವುದಿಲ್ಲ.

ಕಾರವಾರಕ್ಕೆ ರೈಲು ಬಂದದ್ದು 1990ರ ದಶಕದಲ್ಲಿ, ಕೊಂಕಣ ಮಾರ್ಗವಾಗಿ. ಅದು ಕರಾವಳಿಯುದ್ದಕ್ಕೂ ಓಡುವ ಹಳಿ, ಹುಬ್ಬಳ್ಳಿಗೆ ಘಟ್ಟವೇರುವುದಲ್ಲ. 2005ರಲ್ಲಿ ಊರಿನ ದಕ್ಷಿಣಕ್ಕೆ, ಅದೇ ಬಗೆಯ ಗುಡ್ಡ-ದ್ವೀಪಗಳ ಮರೆಯಲ್ಲಿ, ‘ಕದಂಬ’ ನೌಕಾನೆಲೆ ಕೆಲಸಕ್ಕೆ ತೊಡಗಿತು.