ಚಿನ್ನದ ಗಣಿಯಲ್ಲಿ ಬಾಡಿಗೆಗಿದ್ದ ವಿಜ್ಞಾನ

ಕೆಜಿಎಫ್ ಅಂದ ಕೂಡಲೇ ಈಗ ಎಲ್ಲರಿಗೂ ನೆನಪಾಗೋದು ಯಶ್ ಸಿನಿಮಾ. ನನಗೂ ಅಷ್ಟೇ ಆಗಿತ್ತು, ಮೊನ್ನೆ ಒಂದು ಶನಿವಾರ ಗೆಳೆಯನ ಜೊತೆ ಬೈಕ್ ಹತ್ತಿ ಅಲ್ಲಿಗೆ ಹೋಗಿ ಬರುವವರೆಗೆ. ಸೈನೈಡ್ ದಿಬ್ಬಗಳನ್ನು ನೋಡಿ, ಟೀ ಅಂಗಡಿಯೊಂದರಲ್ಲಿ ಕೂತಿದ್ದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಗಣಿಯಲ್ಲಿ ದುಡಿದವರು. "ಬಾಂಬೆ ಸೈಂಟಿಸ್ಟ್‌ಗಳು ಪೆಟ್ಟಿಗೆ ಹೊತ್ಕೊಂಡು ನಮ್ ಜೊತೇನೇ ಕೆಳಗಿಳೀತಿದ್ರು. ಮೊದ್ಲು ಅವ್ರು ಹೋದ್ರು, ಆಮೇಲೆ ನಾವು" ಅಂದರು. ಚಿನ್ನದ ಗಣಿಯಲ್ಲಿ ಸೈಂಟಿಸ್ಟ್‌ಗಳಿಗೇನು ಕೆಲಸ? ಮನೆಗೆ ಬಂದು ಓದುತ್ತಾ ಹೋದೆ.

ಆ ಕಥೆ ಒಬ್ಬ ಕನ್ನಡಿಗನಿಂದಲೇ ಶುರುವಾಗುತ್ತದೆ. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್ಆರ್) ಸೇರಿದ್ದರು. ಹೋಮಿ ಭಾಭಾ ಸಲಹೆಯಂತೆ 1950ರ ದಶಕದ ಆರಂಭದಲ್ಲಿ ಉಪಕರಣಗಳೊಂದಿಗೆ ಕೋಲಾರದ ಗಣಿಗೆ ಇಳಿದರು. ಆಕಾಶದಿಂದ ಸದಾ ಸುರಿಯುವ ಮ್ಯೂಆನ್ ಎಂಬ ಕಣಗಳು ನೆಲದೊಳಗೆ ಎಷ್ಟು ಆಳದವರೆಗೆ ತಲುಪುತ್ತವೆ ಎಂದು ಅಳೆಯುವುದು ಕೆಲಸ. ಆಳಕ್ಕೆ ಹೋದಷ್ಟೂ ಅವು ಕಡಿಮೆಯಾಗುತ್ತವೆ, ತೀರಾ ಆಳದಲ್ಲಿ ಹೆಚ್ಚುಕಡಿಮೆ ನಿಶ್ಶಬ್ದ. ಅಂಥ ನಿಶ್ಶಬ್ದದಲ್ಲಿ ಪಕ್ಕದಿಂದಲೋ ಕೆಳಗಿನಿಂದಲೋ ಒಂದು ಮ್ಯೂಆನ್ ಬಂತೆಂದರೆ, ಅದು ಬಂಡೆಯೊಳಗೆ ನ್ಯೂಟ್ರಿನೊ ಡಿಕ್ಕಿ ಹೊಡೆದು ಹುಟ್ಟಿದ್ದೇ ಇರಬೇಕು!

1965ರಲ್ಲಿ ಆಗಿದ್ದು ಅದೇ. ಸುಮಾರು 2.3 ಕಿ.ಮೀ. ಆಳದಲ್ಲಿ ಟಿಐಎಫ್ಆರ್, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳು ಕೂಡಿ ಇಟ್ಟ ಉಪಕರಣಕ್ಕೆ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಅಮೆರಿಕದ ರೈನ್ಸ್ ತಂಡಕ್ಕೆ ಅದು ಸ್ವಲ್ಪ ಮೊದಲೇ ಕಂಡಿತ್ತು, ಆದರೆ ಆಗಸ್ಟಿನಲ್ಲಿ ಮೊದಲು ಅಚ್ಚಾದದ್ದು ಕೋಲಾರದ ಲೇಖನ. ಜಗತ್ತಿನಲ್ಲೇ ಮೊದಲ ಸಾಲಿನ ವಿಜ್ಞಾನ, ಬೆಂಗಳೂರಿನಿಂದ ನೂರು ಕಿ.ಮೀ. ದೂರದಲ್ಲಿ. ಇಂಜಿನಿಯರಿಂಗ್‌ನ ನಾಲ್ಕು ವರ್ಷದಲ್ಲಿ ನನಗೆ ಯಾರೂ ಇದನ್ನು ಹೇಳಲಿಲ್ಲ.

ಆದರೆ ಒಂದು ತೊಡಕಿತ್ತು. ಅಷ್ಟು ಆಳದಲ್ಲಿ ಮನುಷ್ಯ ಬದುಕಬೇಕಾದರೆ ಲಿಫ್ಟು ಓಡಬೇಕು, ಗಾಳಿ ಬರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನೀರೆತ್ತುವ ಪಂಪು ನಿಲ್ಲಬಾರದು. ಇವೆಲ್ಲ ನಡೆಯುತ್ತಿದ್ದದ್ದು ಚಿನ್ನಕ್ಕಾಗಿ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ, ನಮ್ಮ ಪ್ರಾಜೆಕ್ಟು ಬೇರೆ ಟೀಮಿನ ಸರ್ವರ್ ಮೇಲೆ ಓಡುತ್ತಿದ್ದ ಹಾಗೆ. ಆ ಟೀಮು ಸರ್ವರ್ ಆರಿಸಿದ ದಿನ ನಮ್ಮ ಕಥೆಯೂ ಮುಗಿಯಿತು :) ಚಿನ್ನ ಕಡಿಮೆಯಾಗಿ, ಖರ್ಚು ಏರಿ, ಆಳದ ಭಾಗಗಳು ಮುಚ್ಚತೊಡಗಿದಾಗ 1990ರ ದಶಕದ ಆರಂಭದಲ್ಲಿ ಪ್ರಯೋಗಗಳೂ ನಿಂತವು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಸುರಂಗಗಳಲ್ಲಿ ನೀರು ತುಂಬಿತು.

ಗಣಿ ಮುಚ್ಚಿದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಸಾವಿರಾರು ಕುಟುಂಬಗಳ ಅನ್ನವೇ ಹೋದ ಜಾಗದಲ್ಲಿ ನ್ಯೂಟ್ರಿನೊ ಬಗ್ಗೆ ಅಳುವುದು ಸರಿಯೂ ಅಲ್ಲ. ಆದರೆ ಅಮೆರಿಕದ ಸೌತ್ ಡಕೋಟಾದಲ್ಲಿ ಏನಾಯಿತು ನೋಡಿ. ಅಲ್ಲಿನ ಹೋಮ್‌ಸ್ಟೇಕ್ ಕೂಡ ಆಳವಾದ ಚಿನ್ನದ ಗಣಿ, ಅಲ್ಲೂ ರೇ ಡೇವಿಸ್ ಸೂರ್ಯನಿಂದ ಬರುವ ನ್ಯೂಟ್ರಿನೊ ಹಿಡಿದಿದ್ದರು. 2002ರಲ್ಲಿ ಗಣಿ ಮುಚ್ಚಿತು, 2003ರಲ್ಲಿ ಪಂಪು ನಿಂತು ನೀರು ತುಂಬತೊಡಗಿತು. ಅಲ್ಲಿವರೆಗೂ ನಮ್ಮದೇ ಕಥೆ. ಆದರೆ ರಾಜ್ಯ ಸರ್ಕಾರ ದುಡ್ಡು ಹಾಕಿತು, ಸ್ಯಾನ್‌ಫರ್ಡ್ ಎಂಬ ಸಿರಿವಂತರು 7 ಕೋಟಿ ಡಾಲರ್ ಕೊಟ್ಟರು, 2008ರಲ್ಲಿ ಮತ್ತೆ ನೀರೆತ್ತಲು ಶುರು ಮಾಡಿದರು. ಈಗ ಅದು ಪೂರ್ತಿ ಪ್ರಯೋಗಾಲಯ. ಅಲ್ಲಿ ಪಂಪಿನ ಖರ್ಚನ್ನೇ ವಿಜ್ಞಾನದ ಖರ್ಚು ಅಂತ ಬರೆದುಕೊಂಡರು, ಅಷ್ಟೇ ವ್ಯತ್ಯಾಸ.

ನಾವು ಹೊಸದಾಗಿ ಕಟ್ಟಲು ಹೊರಟೆವು. ತಮಿಳುನಾಡಿನ ಥೇಣಿ ಬಳಿ ಬೆಟ್ಟದಡಿ ನ್ಯೂಟ್ರಿನೊ ವೀಕ್ಷಣಾಲಯಕ್ಕೆ 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಸುಮಾರು 1,500 ಕೋಟಿ ರೂಪಾಯಿಯ ಒಪ್ಪಿಗೆ ಕೊಟ್ಟಿತು. ಪಶ್ಚಿಮ ಘಟ್ಟದ ಕಾಡು, ನೀರಿನ ಬಗ್ಗೆ ಸ್ಥಳೀಯರಿಗೆ ಆತಂಕ, ರಾಜ್ಯ ಸರ್ಕಾರದ ವಿರೋಧ, ಕೋರ್ಟು... ಕೆಲಸ ಮೇಲೇಳಲಿಲ್ಲ. ಅದಕ್ಕೆಂದೇ ಪಿಎಚ್‌ಡಿ ಸೇರಿದ ಹುಡುಗರು ನನ್ನದೇ ವಯಸ್ಸಿನವರು. ನನ್ನ ಪ್ರಾಜೆಕ್ಟು ರದ್ದಾದರೆ ಸೋಮವಾರ ಇನ್ನೊಂದು ಸಿಗುತ್ತದೆ. ಅವರು ಕಾಯಬೇಕು, ಇಲ್ಲವೇ ಬೇರೆ ದೇಶದ ಬೆಟ್ಟ ಹುಡುಕಬೇಕು.

ವಿಜ್ಞಾನಕ್ಕೆ ದುಡ್ಡು ಅಂದರೆ ನಮಗೆ ನೆನಪಾಗೋದು ದೊಡ್ಡ ಉಪಕರಣ, ರಾಕೆಟ್, ರಿಬ್ಬನ್ ಕತ್ತರಿಸೋದು. ಕೋಲಾರ ಹೇಳುವುದು ಬೇರೆ. ಮೂವತ್ತು ವರ್ಷ ಪಂಪು ನಿಲ್ಲದಂತೆ ನೋಡಿಕೊಳ್ಳಲು ಕೊಡುವ ದುಡ್ಡೂ ವಿಜ್ಞಾನದ ದುಡ್ಡೇ. ಅದಕ್ಕೆ ರಿಬ್ಬನ್ ಇಲ್ಲ, ಫೋಟೋ ಇಲ್ಲ. ಅದಕ್ಕೇ ಏನೋ, ಅದು ಮೊದಲು ನಿಲ್ಲುತ್ತದೆ.

ಮುಂದಿನ ಸಲ ಕೆಜಿಎಫ್ ಕಡೆ ಹೋದರೆ ಸಿನಿಮಾ ಡೈಲಾಗ್ ಹೊಡೆಯುವ ಮೊದಲು ಒಮ್ಮೆ ನೆಲ ನೋಡಿ. ಅಲ್ಲಿ ಕೆಳಗೆ, ನೀರಿನಡಿ, ನಮ್ಮದೊಂದು ಪ್ರಯೋಗಾಲಯ ಇತ್ತು.